ಹೃದಯದ ಶಸ್ತ್ರಕ್ರಿಯೆಯೂ ಮದ್ದಿನ ಹೊತ್ತೂ

ಚನ್ನಪಟ್ಟಣದ ಸೀಮೆಯಲ್ಲಿ ರೇಷ್ಮೆಹುಳು ಸಾಕುವ ಒಕ್ಕಲುಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲದ ಸಂಗತಿಯೊಂದುಂಟು. ಹೊಸ ಬೆಳೆಗೆ ಮೊಟ್ಟೆಯನ್ನು ತರುವುದಕ್ಕೆ ಮುಂಚೆಯೇ ಹುಳುವಿನ ಮನೆಯನ್ನು ತೊಳೆಯಬೇಕು. ಗೋಡೆಗೆ ಸುಣ್ಣ ಬಳಿಯಬೇಕು. ತಟ್ಟೆ ಚಂದ್ರಿಕೆಗಳನ್ನು ಶುದ್ಧಮಾಡಿ ಬಿಸಿಲಿನಲ್ಲಿ ಒಣಗಿಸಬೇಕು. ಈ ಕೆಲಸವನ್ನು ಅಲಕ್ಷ್ಯಮಾಡಿ, ಹುಳು ನಾಲ್ಕನೆಯ ಜ್ವರದಿಂದೆದ್ದು ಸೊಪ್ಪು ಮೇಯುತ್ತಿರುವಾಗ ಸಪ್ಪೆರೋಗ ಕಾಣಿಸಿತೆಂದು ಮದ್ದು ಚೆಲ್ಲಹೊರಟವನ ಬೆಳೆಯು ಬಹುಮಟ್ಟಿಗೆ ತಿಪ್ಪೆಗೇ ಸೇರುವುದು. ಮದ್ದೂ ಅದೇ, ಕೈಯೂ ಅದೇ, ತಪ್ಪಿದ್ದು ಹೊತ್ತು. ಹೊಂಗನೂರಿನಂತಹ ಊರುಗಳಲ್ಲಿ ಮನೆಮಾತಾಗಿರುವ ಈ ತಿಳಿವಳಿಕೆಯನ್ನು, ಎದೆಯನ್ನು ತೆರೆದು ಹೃದಯವನ್ನು ಸರಿಪಡಿಸುವ ಶಸ್ತ್ರವೈದ್ಯರು ತಮ್ಮ ಕ್ಷೇತ್ರದಲ್ಲಿ ಸ್ಥಿರಪಡಿಸಿಕೊಳ್ಳುವುದಕ್ಕೆ ಅರ್ಧ ಶತಮಾನದಷ್ಟು ಕಾಲವೂ ಸಾವಿರಾರು ರೋಗಿಗಳ ಲೆಕ್ಕವೂ ಬೇಕಾದುವು. ಆ ಚರಿತ್ರೆಯನ್ನು ಸಂಗ್ರಹವಾಗಿ ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ರೇಷ್ಮೆಯ ಮಾತನ್ನು ಬರಿಯ ಉಪಮಾನಕ್ಕಾಗಿ ತೆಗೆದುದಲ್ಲ. ೧೮೬೫ರಲ್ಲಿ ಫ್ರಾನ್ಸ್ ದೇಶದ ಲೂಯಿ ಪಾಶ್ಚರನು ಆಲೆಸ್ ಎಂಬ ಊರಿಗೆ ಹೋಗಿ, ಆ ಸೀಮೆಯ ರೇಷ್ಮೆಯನ್ನೆಲ್ಲ ಹಾಳುಗೆಡವುತ್ತಿದ್ದ ಗಂಟುರೋಗದ ಪರೀಕ್ಷೆಗೆ ಕುಳಿತನು. ಒಂದೊಂದು ಹೆಣ್ಣು ಚಿಟ್ಟೆಯ ಮೊಟ್ಟೆಯನ್ನೂ ಬೇರೆಬೇರೆಯಾಗಿ ಇರಿಸಿ, ಆಮೇಲೆ ಆ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ರೋಗದ ಕಣ ಕಂಡರೆ ಅದರ ಮೊಟ್ಟೆಯನ್ನು ಸುಟ್ಟುಹಾಕುವ ವಿಧಾನವನ್ನು ಕೆಲವು ವರ್ಷಗಳಲ್ಲಿ ಅವನು ಬಳಕೆಗೆ ತಂದನು. ಆ ವಿಧಾನವೇ ಮೈಸೂರು ಸಂಸ್ಥಾನಕ್ಕೂ ಬಂದಿತು. ೧೯೧೪ರ ಸುಮಾರಿನಲ್ಲಿ ಇಟಲಿಯ ತಜ್ಞರಾದ ವಾಷಿಂಗ್ಟನ್ ಮಾರಿಯವರ ಮೇಲ್ವಿಚಾರಣೆಯಲ್ಲಿ ಚನ್ನಪಟ್ಟಣದ ಸರ್ಕಾರಿ ರೇಷ್ಮೆ ಫಾರಂ ಏರ್ಪಟ್ಟಿತು. ರೋಗವಿಲ್ಲದ ಬಿತ್ತನೆ ಮೊಟ್ಟೆ ಎಂಬ ಮಾತು ನಮ್ಮ ರೈತರ ಬಾಯಿಗೆ ಬಂದದ್ದು ಈ ದಾರಿಯಿಂದ. ಪಾಶ್ಚರನು ಆಲೆಸಿಗೆ ಹೋದ ಆ ೧೮೬೫ನೆಯ ಇಸವಿಯಲ್ಲಿಯೇ, ಗ್ಲಾಸ್ಗೋ ನಗರದ ಶಸ್ತ್ರವೈದ್ಯ ಜೋಸೆಫ್ ಲಿಸ್ಟರನು, ಹುದುಗುವಿಕೆಯ ವಿಷಯವಾಗಿ ಪಾಶ್ಚರನು ಬರೆದುದನ್ನು ಓದಿ, ಕಾಲುಮೂಳೆ ಮುರಿದು ಚರ್ಮ ಹರಿದಿದ್ದ ಒಬ್ಬ ಹುಡುಗನ ಗಾಯಕ್ಕೆ ಕಾರ್ಬಾಲಿಕ್ ಆಮ್ಲದ ಪಟ್ಟಿ ಕಟ್ಟಿದನು. ಹುಡುಗನು ಕಾಲನ್ನೂ ಕಳೆದುಕೊಳ್ಳಲಿಲ್ಲ, ಜೀವವನ್ನೂ ಕಳೆದುಕೊಳ್ಳಲಿಲ್ಲ. ಗಾಯದ ಕೀವು ಗಾಯದ ಸ್ವಭಾವವಲ್ಲ, ಹೊರಗಿನಿಂದ ಒಳಹೊಕ್ಕ ಕ್ರಿಮಿಗಳ ಕೆಲಸವೆಂಬುದು ಅಲ್ಲಿಂದ ಮುಂದೆ ಶಸ್ತ್ರವೈದ್ಯದ ಮೂಲಸೂತ್ರವಾಯಿತು.

ಲಿಸ್ಟರನ ಔಷಧವು ಚರ್ಮದ ಮೇಲಿನದು; ರಕ್ತದೊಳಕ್ಕೆ ಹೊಗಿಸುವಂತಹುದಲ್ಲ. ಅಷ್ಟರಲ್ಲಿಯೇ ಶಸ್ತ್ರವೈದ್ಯರ ಕೈ ಎದೆಯೊಳಕ್ಕೂ ಚಾಚತೊಡಗಿತ್ತು. ೧೮೯೬ರಲ್ಲಿ ಫ್ರಾಂಕ್‌ಫರ್ಟ್ ನಗರದ ಲುಡ್‌ವಿಗ್ ರೇನ್ ಎಂಬಾತನು ಇರಿತದ ಗಾಯವಾಗಿದ್ದ ಒಬ್ಬ ಮನುಷ್ಯನ ಹೃದಯಕ್ಕೆ ಹೊಲಿಗೆ ಹಾಕಿ ಅವನನ್ನು ಬದುಕಿಸಿದನು. ಹೃದಯವನ್ನು ಮುಟ್ಟಬಾರದೆಂಬ ಹಳೆಯ ಕಟ್ಟಳೆ ಅಂದು ಮುರಿಯಿತು. ಆದರೆ ಆ ರೋಗಿಯನ್ನು ಆಮೇಲೆ ಕಾಡಿದುದು ಹೃದಯದ ಗಾಯವಲ್ಲ. ಎದೆಗೂಡಿನಲ್ಲಿ ಕೀವು ತುಂಬಿ, ಅದನ್ನು ಬಸಿದು ತೆಗೆಯಬೇಕಾಯಿತು. ಹೃದಯದ ಶಸ್ತ್ರವೈದ್ಯವೂ ಕೀವಿನ ಭಯವೂ ಹೀಗೆ ಒಂದೇ ತೊಟ್ಟಿಲಿನಲ್ಲಿ ಹುಟ್ಟಿದ ಅವಳಿಗಳು.

ರಕ್ತದೊಳಗೇ ಹರಿದು ಕ್ರಿಮಿಗಳನ್ನು ಕೊಲ್ಲುವ, ದೇಹಕ್ಕೆ ಕೇಡು ಮಾಡದ ಮದ್ದಿಗಾಗಿ ಕಾಯಬೇಕಾಯಿತು. ೧೯೨೮ರ ಸೆಪ್ಟೆಂಬರಿನಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯಲ್ಲಿ ಅಲೆಗ್ಸಾಂಡರ್ ಫ್ಲೆಮಿಂಗನು ಬೂಷ್ಟು ಹಿಡಿದ ಒಂದು ತಟ್ಟೆಯನ್ನು ಕಂಡ ಕಥೆ ಶಾಲೆಯ ಮಕ್ಕಳಿಗೂ ತಿಳಿದಿದೆ. ಅದನ್ನು ಇಲ್ಲಿ ಬೆಳೆಸುವುದು ಬೇಡ. ಆ ಬೂಷ್ಟಿನ ರಸವನ್ನು ಔಷಧವನ್ನಾಗಿ ಮಾಡಿದವರು ಆಕ್ಸ್‌ಫರ್ಡಿನ ಫ್ಲೋರಿ, ಚೇನ್, ಹೀಟ್ಲಿ ಮೊದಲಾದವರು. ೧೯೪೧ರ ಫೆಬ್ರವರಿಯಲ್ಲಿ ಅವರು ಆಲ್ಬರ್ಟ್ ಅಲೆಗ್ಸಾಂಡರ್ ಎಂಬ ಪೋಲೀಸಿನವನಿಗೆ ಪೆನಿಸಿಲಿನ್ ಕೊಟ್ಟರು. ಮುಖವೆಲ್ಲ ಕೀವಾಗಿ, ಒಂದು ಕಣ್ಣನ್ನೂ ಕಳೆದುಕೊಂಡಿದ್ದ ಆ ಮನುಷ್ಯನು ಕೆಲವೇ ದಿನಗಳಲ್ಲಿ ಚೇತರಿಸಿಕೊಂಡು ಊಟ ಮಾಡತೊಡಗಿದನು. ಇದ್ದ ಮದ್ದೆಲ್ಲವೂ ಮುಗಿಯಿತು, ಅವನ ಮೂತ್ರದಿಂದ ಮದ್ದನ್ನು ಮತ್ತೆ ಸೋಸಿ ತೆಗೆದು ಕೊಟ್ಟರು, ಅದೂ ಮುಗಿಯಿತು. ರೋಗವು ಮರುಕಳಿಸಿ ಮಾರ್ಚಿಯಲ್ಲಿ ಅವನು ತೀರಿಕೊಂಡನು. ನಮ್ಮ ದೇಶದಲ್ಲಿ ೧೯೪೪ರ ಫೆಬ್ರವರಿಯಲ್ಲಿ ಆಗಾಖಾನ್ ಅರಮನೆಯ ಸೆರೆಯಲ್ಲಿ ಕಸ್ತೂರಬಾ ಅವರು ಮರಣಶಯ್ಯೆಯಲ್ಲಿದ್ದಾಗ ಪೆನಿಸಿಲಿನ್ನನ್ನು ವಿಮಾನದಲ್ಲಿ ತರಿಸಬೇಕಾಯಿತು. ಸೂಜಿಯ ಹಿಂಸೆ ಬೇಡವೆಂದು ಗಾಂಧೀಜಿಯವರು ಅದನ್ನು ಕೊಡಗೊಡಲಿಲ್ಲ. ಅಷ್ಟು ದುರ್ಲಭವಾದ ವಸ್ತು ಅದು.

ಹೀಗೆ ಚಿನ್ನದಂತೆ ತೂಗಿ ಕೊಡುತ್ತಿದ್ದ ಮದ್ದು ಯುದ್ಧ ಮುಗಿಯುವ ವೇಳೆಗೆ ಅಮೆರಿಕದ ಕಾರ್ಖಾನೆಗಳಿಂದ ಹೊಳೆಯಾಗಿ ಹರಿಯಿತು. ಅಗ್ಗವಾದ ವಸ್ತುವಿಗೆ ಮರ್ಯಾದೆ ಎಲ್ಲಿಯದು? ೧೯೪೫ರ ಡಿಸೆಂಬರಿನಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸಿ ಮಾಡಿದ ಉಪನ್ಯಾಸದಲ್ಲಿಯೇ ಫ್ಲೆಮಿಂಗನು ಎಚ್ಚರಿಕೆ ಹೇಳಿದ್ದನು: ಅರೆಕೊರೆಯಾಗಿ ಮದ್ದು ತಿಂದವನ ದೇಹದಲ್ಲಿ ಕ್ರಿಮಿಗಳು ಸಾಯದೆ ಪಳಗಿ, ಮುಂದೆ ಅವನಿಂದ ಅವನ ಹೆಂಡತಿಗೆ ಅಂಟಿ, ಆಗ ಮದ್ದು ನಾಟದೆ ಹೋಗಬಹುದೆಂಬ ಕಲ್ಪಿತ ದೃಷ್ಟಾಂತವೊಂದನ್ನೂ ಕೊಟ್ಟಿದ್ದನು. ಅದು ನಿಜವಾಗುವುದಕ್ಕೆ ಬಹಳ ಕಾಲ ಹಿಡಿಯಲಿಲ್ಲ. ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯಲ್ಲಿ ಮೇರಿ ಬಾರ್ಬರ್ ಎಂಬ ವಿದುಷಿಯು, ಗಾಯಗಳಲ್ಲಿ ಕೀವು ಮಾಡುವ ಸ್ಟೆಫಿಲೊಕಾಕಸ್ ಎಂಬ ಕ್ರಿಮಿಯನ್ನು ವರ್ಷವರ್ಷವೂ ಪರೀಕ್ಷಿಸುತ್ತ ಬಂದಳು. ೧೯೪೬ರಲ್ಲಿ ಪೆನಿಸಿಲಿನ್ನಿಗೆ ಬಗ್ಗದ ತಳಿಗಳು ನೂರಕ್ಕೆ ೧೪ರಷ್ಟಿದ್ದುವು; ೧೯೪೮ರ ವೇಳೆಗೆ ಅವು ಅರ್ಧಕ್ಕಿಂತ ಹೆಚ್ಚಾಗಿದ್ದುವು. ಮುಂದೆ ಅದೇ ಆಸ್ಪತ್ರೆಯಲ್ಲಿ ಮದ್ದಿನ ಬಳಕೆಗೆ ಕಟ್ಟುನಿಟ್ಟು ತಂದಾಗ ಮೊಂಡು ತಳಿಗಳು ಇಳಿಮುಖವಾದುದನ್ನೂ ಆಕೆ ೧೯೬೦ರಲ್ಲಿ ತೋರಿಸಿದಳು. ಫ್ಲೆಮಿಂಗನ ಹೆಸರನ್ನು ಬಲ್ಲವರು ಕೋಟಿಗಟ್ಟಲೆ. ಬಾರ್ಬರಳ ಹೆಸರನ್ನು ಬಲ್ಲವರು ವಿರಳ. ಮದ್ದನ್ನು ಕಂಡುಹಿಡಿದವರಿಗೆ ಸಲ್ಲುವ ಕೀರ್ತಿಯಲ್ಲಿ ಒಂದು ಪಾಲಾದರೂ ಅದನ್ನು ಉಳಿಸಿಕೊಳ್ಳುವ ಬಗೆಯನ್ನು ತೋರಿಸಿದವರಿಗೆ ಸಲ್ಲಬೇಕೆಂದು ನಮ್ಮ ಅಭಿಪ್ರಾಯ. ಪೆನಿಸಿಲಿನ್ನಿಗೆ ಬಗ್ಗದ ಕ್ರಿಮಿಗಾಗಿ ೧೯೬೦ರ ಹೊತ್ತಿಗೆ ಮೆತಿಸಿಲಿನ್ ಬಂದಿತು. ಮರುವರ್ಷವೇ, ೧೯೬೧ರಲ್ಲಿ, ಮೆತಿಸಿಲಿನ್ನಿಗೂ ಬಗ್ಗದ ತಳಿಯ ವರದಿ ಇಂಗ್ಲೆಂಡಿನಿಂದಲೇ ಬಂದಿತು.

ಇದೇ ಅವಧಿಯಲ್ಲಿ ಹೃದಯದ ಶಸ್ತ್ರವೈದ್ಯವು ದೊಡ್ಡ ಹೆಜ್ಜೆಯನ್ನಿಟ್ಟಿತು. ೧೯೫೩ನೆಯ ಮೇ ೬ರಂದು ಅಮೆರಿಕದ ಜಾನ್ ಗಿಬ್ಬನ್ ಎಂಬಾತನು, ಹೃದಯ ಶ್ವಾಸಕೋಶಗಳ ಕೆಲಸವನ್ನು ಯಂತ್ರಕ್ಕೆ ವಹಿಸಿ, ಹದಿನೆಂಟು ವರ್ಷದ ಹುಡುಗಿಯೊಬ್ಬಳ ಹೃದಯದೊಳಗಿನ ರಂಧ್ರವನ್ನು ಮುಚ್ಚಿದನು. ಈ ಬಗೆಯ ಶಸ್ತ್ರಕ್ರಿಯೆಯಲ್ಲಿ ಕೀವಿನ ಭಯವೇಕೆ ವಿಶೇಷವೆಂಬುದನ್ನು ಸ್ವಲ್ಪ ವಿವರಿಸಬೇಕು. ಎದೆಯ ನಡುವಣ ಮೂಳೆಯನ್ನು ಉದ್ದಕ್ಕೂ ಸೀಳಿ, ಕೆಲಸ ಮುಗಿದ ಮೇಲೆ ತಂತಿಯಿಂದ ಬಿಗಿಯುತ್ತಾರೆ. ಹೃದಯದ ರಕ್ತನಾಳ ಕಟ್ಟಿದವರಿಗೆ ಬದಲಿ ದಾರಿ ಮಾಡಲು ಎದೆಗೋಡೆಯ ಒಳಗಣ ಧಮನಿಯನ್ನೇ ಬಿಡಿಸಿಕೊಳ್ಳುವುದುಂಟು; ಆಗ ಆ ಮೂಳೆಗೆ ಹರಿಯುವ ರಕ್ತವೂ ಕಡಿಮೆಯಾಗುವುದು. ಮಧುಮೇಹವುಳ್ಳವರಲ್ಲಿ ಗಾಯ ಮಾಯುವುದು ಮೊದಲೇ ನಿಧಾನ. ಗಂಟೆಗಟ್ಟಲೆ ಯಂತ್ರದ ಕೊಳವೆಗಳಲ್ಲಿ ಸುತ್ತಿಬರುವ ರಕ್ತದ ರೋಗನಿರೋಧಶಕ್ತಿಯೂ ಕುಂದುವುದು. ಇಂತಹ ಸ್ಥಿತಿಯಲ್ಲಿ ಮೂಳೆಯ ಹಿಂದೆ ಕೀವು ಕೂತರೆ ಎದೆಯನ್ನು ಮತ್ತೆ ತೆರೆಯಬೇಕು. ವಾರಗಳ ಕಾಲ ಆಸ್ಪತ್ರೆಯಲ್ಲಿರಬೇಕು. ಅಷ್ಟಾದರೂ ಉಳಿಯುವರೆಂಬ ಭರವಸೆಯಿಲ್ಲ. ಹೊಸದಾಗಿ ಕೂರಿಸಿದ ಕೃತಕ ಕವಾಟದ ಮೇಲೆ ಕ್ರಿಮಿಗಳು ಮನೆಮಾಡಿದರಂತೂ ಅವನ್ನು ಬರಿಯ ಮದ್ದಿನಿಂದ ಕಿತ್ತೊಗೆಯುವುದು ಬಹು ಕಷ್ಟ. ಆದಕಾರಣ ಹೃದಯದ ಶಸ್ತ್ರವೈದ್ಯರು ಭಯದಿಂದ ಕೈಬಿಚ್ಚಿ ಮದ್ದು ಕೊಡುತ್ತ ಬಂದರು. ಶಸ್ತ್ರಕ್ರಿಯೆಯಾದ ಮೇಲೆ ಒಂದು ವಾರ, ಕೊಳವೆಗಳನ್ನೆಲ್ಲ ತೆಗೆಯುವವರೆಗೆ, ಕೆಲವೊಮ್ಮೆ ಹೊಲಿಗೆ ಬಿಚ್ಚುವವರೆಗೆ. ಅವರನ್ನು ದೂರುವಂತಿಲ್ಲ. ಕೈಕೆಳಗೆ ಸಾಯಬಾರದ ರೋಗಿಯೊಬ್ಬನು ಸತ್ತರೆ ಮುಂದಿನ ಹತ್ತು ರೋಗಿಗಳಿಗೆ ಮದ್ದು ಹೆಚ್ಚುವುದು ಮನುಷ್ಯಸ್ವಭಾವ.

ಆದರೆ ಆ ಮದ್ದಿನಿಂದ ಫಲವುಂಟಾಗುತ್ತಿದ್ದಿತೇ? ೧೯೫೦ರ ದಶಕದಲ್ಲಿ ಸಾಮಾನ್ಯ ಶಸ್ತ್ರಕ್ರಿಯೆಗಳ ಲೆಕ್ಕ ತೆಗೆದವರಿಗೆ ಆಶ್ಚರ್ಯ ಕಾದಿತ್ತು. ಗಾಯ ಹೊಲಿದಾದ ಮೇಲೆ ಮದ್ದು ಪಡೆದವರಿಗೂ ಪಡೆಯದವರಿಗೂ ಕೀವಿನಲ್ಲಿ ಹೆಚ್ಚು ವ್ಯತ್ಯಾಸ ಕಾಣಲಿಲ್ಲ. ಮುಂಜಾಗ್ರತೆಯ ಮದ್ದೇ ನಿರರ್ಥಕವೆಂದು ಹಲವು ಪಂಡಿತರು ತೀರ್ಮಾನಿಸಿದರು. ಈ ಒಗಟನ್ನು ಬಿಡಿಸಿದವನು ಬಾಸ್ಟನ್ನಿನ ಜಾನ್ ಬರ್ಕ್ ಎಂಬ ಶಸ್ತ್ರವೈದ್ಯ. ಅವನು ಮೊದಲು ೧೯೫೭ರಲ್ಲಿ ಇಂಗ್ಲೆಂಡಿನ ಮೈಲ್ಸ್ ದಂಪತಿಗಳೊಡನೆಯೂ ಆಮೇಲೆ ೧೯೬೧ರಲ್ಲಿ ತಾನೊಬ್ಬನೇ ಆಗಿಯೂ ಗಿನಿಯಿಲಿಗಳ ಮೇಲೆ ನಡೆಸಿದ ಪರೀಕ್ಷೆ ಸರಳವಾದದ್ದು. ಇಲಿಯ ಚರ್ಮದೊಳಕ್ಕೆ ಕ್ರಿಮಿಗಳನ್ನು ಚುಚ್ಚಿ ಹೊಗಿಸುವುದು; ಕೆಲವಕ್ಕೆ ಅದಕ್ಕೆ ಮುಂಚೆ, ಕೆಲವಕ್ಕೆ ಅದರೊಡನೆ, ಕೆಲವಕ್ಕೆ ಒಂದು, ಎರಡು, ಮೂರು ಗಂಟೆ ತಡೆದು ಪೆನಿಸಿಲಿನ್ ಕೊಡುವುದು; ಮರುದಿನ ಬಾವಿನ ಅಗಲವನ್ನು ಅಳೆಯುವುದು. ಮೊದಲೇ ಮದ್ದು ಪಡೆದ ಇಲಿಗಳಲ್ಲಿ ಜೀವವಿಲ್ಲದ ಕ್ರಿಮಿಯನ್ನು ಚುಚ್ಚಿದಾಗ ಏಳುವಷ್ಟೇ ಸಣ್ಣ ಬಾವು. ತಡಮಾಡಿದಷ್ಟೂ ಬಾವು ದೊಡ್ಡದು. ಮೂರು ಗಂಟೆ ಕಳೆದ ಮೇಲೆ ಕೊಟ್ಟ ಮದ್ದು ಕೊಡದಿದ್ದುದಕ್ಕೆ ಸಮಾನ! ಕ್ರಿಮಿಯು ಗಾಯದೊಳಕ್ಕೆ ಬೀಳುವ ಗಳಿಗೆಯಲ್ಲಿ ಅಲ್ಲಿನ ರಕ್ತಮಾಂಸಗಳಲ್ಲಿ ಮದ್ದು ಸಿದ್ಧವಾಗಿರಬೇಕು. ಕ್ರಿಮಿ ನೆಲೆಯೂರಿದ ಮೇಲೆ ಬಂದ ಮದ್ದು ಊರು ಕೊಳ್ಳೆಹೋದ ಮೇಲೆ ಬಂದ ದಂಡು.

ಇಲಿಯ ಮಾತು ಮನುಷ್ಯನಿಗೂ ಸಲ್ಲುವುದೆಂದು ಲೆಕ್ಕದಿಂದ ತೋರಿಸಿದುದು ೧೯೯೨ರಲ್ಲಿ. ಅಮೆರಿಕದ ಸಾಲ್ಟ್ ಲೇಕ್ ನಗರದ ಆಸ್ಪತ್ರೆಯೊಂದರಲ್ಲಿ ಕ್ಲಾಸೆನ್ ಮೊದಲಾದವರು ೨೮೪೭ ಶಸ್ತ್ರಕ್ರಿಯೆಗಳಲ್ಲಿ ಮದ್ದು ಕೊಟ್ಟ ಹೊತ್ತನ್ನು ಗುರುತುಹಾಕಿಕೊಂಡರು. ಕತ್ತಿ ಇಡುವುದಕ್ಕೆ ಮುಂಚಿನ ಎರಡು ಗಂಟೆಯೊಳಗೆ ಮದ್ದು ಪಡೆದವರಲ್ಲಿ ಗಾಯ ಕೀವಾದುದು ನೂರಕ್ಕೆ ೦.೬, ಅದಕ್ಕಿಂತ ಬಹಳ ಮುಂಚೆಯೇ ಪಡೆದವರಲ್ಲಿ ೩.೮, ಕತ್ತಿ ಇಟ್ಟು ಮೂರು ಗಂಟೆ ಕಳೆದ ಮೇಲೆ ಪಡೆದವರಲ್ಲಿ ೩.೩. ತಡವಾಗಿ ಕೊಟ್ಟರೆ ಹೇಗೋ ಅತಿ ಮುಂಚೆ ಕೊಟ್ಟರೂ ಹಾಗೆಯೇ. ಹಿಂದಿನ ರಾತ್ರಿ ಕೊಟ್ಟ ಮದ್ದು ಬೆಳಗಿನ ಹೊತ್ತಿಗೆ ರಕ್ತದಿಂದ ಇಳಿದುಹೋಗಿರುವುದು. ಮಾತ್ರೆ ಮತ್ತು ಕಾಲ ಎಂಬೆರಡು ಪದಗಳು ನಮ್ಮ ಆಯುರ್ವೇದಕ್ಕೆ ಬಹು ಹಳೆಯವು. ಹೊಸ ವೈದ್ಯವು ಅವನ್ನು ತನ್ನ ದಾರಿಯಿಂದ ಬಂದು ಸೇರಿತು.

ಹೃದಯದ ಶಸ್ತ್ರಕ್ರಿಯೆಯಲ್ಲಿ ಮುಂಜಾಗ್ರತೆಯ ಮದ್ದು ಬೇಕೇ ಬೇಕೆಂಬುದು ೧೯೭೦ರ ದಶಕದಲ್ಲಿ ನಿರ್ವಿವಾದವಾಯಿತು. ಉಳಿದ ಪ್ರಶ್ನೆ ಎಷ್ಟು ದಿನ ಎಂಬುದು. ೧೯೭೨ರಲ್ಲಿ ಒಂದೇ ವರಸೆಯ ಮದ್ದನ್ನೂ ಹಲವು ವರಸೆಗಳನ್ನೂ, ೧೯೭೭ರಲ್ಲಿ ಕವಾಟದ ರೋಗಿಗಳಲ್ಲಿ ಎರಡು ದಿನದ ಮದ್ದನ್ನೂ ಆರು ದಿನದ ಮದ್ದನ್ನೂ, ವೈದ್ಯರಿಗೂ ರೋಗಿಗೂ ಯಾವುದೆಂದು ತಿಳಿಯದಂತೆ ಕೊಟ್ಟು ಹೋಲಿಸಿದರು. ಹೆಚ್ಚು ದಿನ ಕೊಟ್ಟುದರಿಂದ ಹೆಚ್ಚಿನ ಲಾಭ ಕಾಣಲಿಲ್ಲ. ಎಲ್ಲಕ್ಕಿಂತ ಕಣ್ತೆರೆಸುವ ಲೆಕ್ಕವೆಂದರೆ ೨೦೦೦ದಲ್ಲಿ ಹಾರ್ಬರ್ತ್ ಮೊದಲಾದವರು ಬಾಸ್ಟನ್ನಿನಿಂದ ಪ್ರಕಟಿಸಿದುದು. ಹೃದಯದ ರಕ್ತನಾಳಕ್ಕೆ ಬದಲಿ ದಾರಿ ಮಾಡಿಸಿಕೊಂಡ ೨೬೪೧ ರೋಗಿಗಳಲ್ಲಿ, ೪೮ ಗಂಟೆಯೊಳಗೆ ಮದ್ದು ನಿಲ್ಲಿಸಿದವರಲ್ಲಿ ನೂರಕ್ಕೆ ೮.೭ ಮಂದಿಗೆ ಗಾಯದ ಸೋಂಕು ತಗುಲಿತು. ಅದಕ್ಕೂ ಮೀರಿ ಮದ್ದು ಮುಂದುವರಿಸಿದವರಲ್ಲಿ ೮.೮ ಮಂದಿಗೆ. ಲಾಭ ಸೊನ್ನೆ. ಆದರೆ ಎರಡನೆಯ ಗುಂಪಿನವರ ದೇಹದಲ್ಲಿ ಮದ್ದಿಗೆ ಬಗ್ಗದ ಕ್ರಿಮಿಗಳು ಸೇರಿಕೊಳ್ಳುವ ಸಂಭವವು ಮೊದಲನೆಯವರಿಗಿಂತ ಒಂದೂವರೆ ಪಟ್ಟಿಗೂ ಹೆಚ್ಚಾಗಿದ್ದಿತು. ಮುಂದೆ ಇವರಲ್ಲೊಬ್ಬನಿಗೆ ನ್ಯುಮೋನಿಯಾ ಬಂದರೆ, ಅವನನ್ನು ಬದುಕಿಸಬೇಕಾದ ಮದ್ದಿನ ಮೊನೆಯನ್ನು ಮೊದಲೇ ಮೊಂಡುಮಾಡಿ ಇಟ್ಟಂತಾಯಿತು.

ಇಷ್ಟೆಲ್ಲದರ ಫಲವಾಗಿ ಈಗ ಸ್ಥಿರವಾಗಿರುವ ಪದ್ಧತಿ ಹೀಗಿದೆ. ಸಾಮಾನ್ಯವಾಗಿ ಬಳಸುವ ಮದ್ದು ಸೆಫಜೋಲಿನ್. ಇದರ ವಂಶದ ಮೂಲಪುರುಷನಾದ ಬೂಷ್ಟನ್ನು ೧೯೪೫ರ ಸುಮಾರಿನಲ್ಲಿ ಸಾರ್ಡೀನಿಯಾ ದ್ವೀಪದ ಬ್ರೋಟ್ಸು ಎಂಬ ವೈದ್ಯನು ಕಂಡುಹಿಡಿದುದು ಕಡಲಿಗೆ ಸೇರುವ ಚರಂಡಿಯ ಬಾಯಲ್ಲಿ. ಕೊಳಕಿನಲ್ಲಿ ಸಿಕ್ಕಿದ ವಸ್ತು ಶುದ್ಧಿಗೆ ಸಾಧನವಾಯಿತೆಂಬುದು ತಮಾಷೆಯೇ ಸರಿ. ಕತ್ತಿ ಇಡುವುದಕ್ಕೆ ಹಿಂದಿನ ಒಂದು ಗಂಟೆಯೊಳಗೆ ರೋಗಿಯ ತೂಕಕ್ಕೆ ತಕ್ಕಂತೆ ಇದನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲಸವು ನಾಲ್ಕು ಗಂಟೆ ಮೀರಿದರೆ ಮತ್ತೊಂದು ವರಸೆ. ಯಂತ್ರಕ್ಕೆ ತುಂಬಿದ ದ್ರವದಿಂದಲೂ ರಕ್ತಸ್ರಾವದಿಂದಲೂ ಮದ್ದು ತೆಳುವಾಗುವುದರಿಂದ ಇದನ್ನು ಮರೆಯುವಂತಿಲ್ಲ. ಪೆನಿಸಿಲಿನ್ ಜಾತಿಯ ಮದ್ದು ಮೈಗೆ ತೀವ್ರವಾಗಿ ಒಗ್ಗದವರಿಗೂ, ಮೆತಿಸಿಲಿನ್ನಿಗೆ ಬಗ್ಗದ ಕ್ರಿಮಿಯನ್ನು ಹೊತ್ತವರಿಗೂ ವ್ಯಾಂಕೊಮೈಸಿನ್ ಕೊಡುವುದುಂಟು. ಅದನ್ನು ನಿಧಾನವಾಗಿ ಇಳಿಸಬೇಕಾದ್ದರಿಂದ ಎರಡು ಗಂಟೆಯ ಮೊದಲೇ ಆರಂಭಿಸುವರು. ನಿಲ್ಲಿಸುವ ವಿಷಯದಲ್ಲಿ ೨೦೧೬ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆಯು ಶಸ್ತ್ರಕ್ರಿಯೆ ಮುಗಿದೊಡನೆ ಮದ್ದೂ ಮುಗಿಯಲೆಂದು ಹೇಳುತ್ತದೆ. ಹೃದಯದ ಶಸ್ತ್ರವೈದ್ಯರು ಒಂದು ದಿನ, ಹೆಚ್ಚೆಂದರೆ ಎರಡು ದಿನ ಎನ್ನುತ್ತಾರೆ. ಈ ಸ್ವಲ್ಪ ಭೇದದಲ್ಲಿ ವಿದ್ವಾಂಸರು ವಾದಿಸಲಿ. ಎರಡು ದಿನದಾಚೆಗೆ ಹೋಗುವುದಕ್ಕೆ ಇಬ್ಬರಲ್ಲಿಯೂ ಆಧಾರವಿಲ್ಲ. ಆದರೆ ಸೋಂಕು ನಿಜವಾಗಿ ತಗುಲಿದವನಿಗೆ ಈ ಲೆಕ್ಕ ಅನ್ವಯಿಸದು. ಅವನಿಗೆ ಬೇಕಾದುದು ಚಿಕಿತ್ಸೆ. ಅದರ ಅವಧಿಯೇ ಬೇರೆ.

ಮದ್ದೊಂದನ್ನೇ ನಂಬಿ ಕುಳಿತರೂ ಆಗದು. ಸುಮಾರು ಮೂವರಲ್ಲಿ ಒಬ್ಬರ ಮೂಗಿನಲ್ಲಿ ಸ್ಟೆಫಿಲೊಕಾಕಸ್ ಆರಿಯಸ್ ಎಂಬ ಕ್ರಿಮಿ ಸದ್ದಿಲ್ಲದೆ ವಾಸಿಸುತ್ತದೆ. ಅಂತಹವರಿಗೆ ಶಸ್ತ್ರಕ್ರಿಯೆಗೆ ಮುಂಚೆ ಮೂಗಿಗೆ ಮುಲಾಮು ಹಚ್ಚುವರು. ಎದೆಯ ಕೂದಲನ್ನು ಕ್ಷೌರದ ಕತ್ತಿಯಿಂದ ಹೆರೆದರೆ ಕಣ್ಣಿಗೆ ಕಾಣದ ಗೀರುಗಳಾಗಿ ಅಲ್ಲಿ ಕ್ರಿಮಿ ಹುಟ್ಟಿಕೊಳ್ಳುವುದರಿಂದ ಯಂತ್ರದಿಂದ ಕತ್ತರಿಸುವುದು ಉತ್ತಮ. ರಕ್ತದ ಸಕ್ಕರೆಯನ್ನು ಹತೋಟಿಯಲ್ಲಿಡುವುದು, ಶಸ್ತ್ರಕ್ರಿಯೆಗೆ ವಾರಗಳ ಮೊದಲೇ ಬೀಡಿ ಸಿಗರೇಟು ಬಿಡುವುದು, ಮುಟ್ಟುವವರೆಲ್ಲ ಕೈ ತೊಳೆಯುವುದು, ಇವೆಲ್ಲ ಮದ್ದಿನಷ್ಟೇ ಮುಖ್ಯ. ಹುಳುವಿನ ಮನೆಗೆ ಸುಣ್ಣ ಬಳಿಯುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನಮ್ಮ ನಾಡಿನ ಸಂಗತಿ. ೧೯೫೪ರಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದೂಸ್ಥಾನ್ ಆಂಟಿಬಯೋಟಿಕ್ಸ್ ಎಂಬ ಸರ್ಕಾರಿ ಕಾರ್ಖಾನೆ ಸ್ಥಾಪಿತವಾಗಿ ಪೆನಿಸಿಲಿನ್ ದೇಶದಲ್ಲಿಯೇ ತಯಾರಾಗತೊಡಗಿತು. ಅದೂ ಕರ್ನಾಟಕ ಸರ್ಕಾರವೂ ಕೂಡಿ ೧೯೮೧ರಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಸಂಸ್ಥೆಯನ್ನು ಬೆಂಗಳೂರಿನಲ್ಲಿ ತೆರೆದುವು. ೧೯೦೦ರಲ್ಲಿ ಪ್ರಾರಂಭವಾದ ವಿಕ್ಟೋರಿಯಾ ಆಸ್ಪತ್ರೆಯ ಆವರಣದಲ್ಲಿ ಮೊಳೆತು ಮುಂದೆ ಜಯನಗರದಲ್ಲಿ ಬೆಳೆದ ಜಯದೇವ ಹೃದ್ರೋಗ ಸಂಸ್ಥೆಗೆ ಇಂದು ನಾಡಿನ ಮೂಲೆಮೂಲೆಗಳಿಂದ ಬಡವರು ಬರುತ್ತಾರೆ. ಮೈಸೂರಿನಲ್ಲಿಯೂ ಅದರ ಶಾಖೆಯುಂಟು. ಎರಡು ನಗರಗಳ ನಡುವಿನ ದಾರಿಯಲ್ಲಿರುವ ಚನ್ನಪಟ್ಟಣದ ಕಡೆಯವರಿಗೆ, ಹಿಂದೆ ಕನಸಿನಲ್ಲಿಯೂ ಎಟುಕದಿದ್ದ ಹೃದಯದ ಶಸ್ತ್ರಕ್ರಿಯೆ ಈಗ ಬಸ್ಸಿನಲ್ಲಿ ಕೆಲವೇ ಗಂಟೆಗಳ ಪಯಣದಷ್ಟು ಹತ್ತಿರ.

ಹೀಗಿರುವಲ್ಲಿ ಮನೆಯವರ ಪಾತ್ರವೂ ಸಣ್ಣದಲ್ಲ. ಮೂರನೆಯ ದಿನ ಸೂಜಿಮದ್ದು ನಿಂತಿತೆಂದರೆ ‘ದುಡ್ಡಿಲ್ಲದವರೆಂದು ಮದ್ದು ನಿಲ್ಲಿಸಿಬಿಟ್ಟರು’ ಎಂದು ಕಣ್ಣೀರು ಹಾಕುವ ತಾಯಂದಿರುಂಟು. ಊರಿಗೆ ಬಂದ ಮೇಲೆ ಗಾಯ ಸ್ವಲ್ಪ ಕೆಂಪಾದರೆ ಅಂಗಡಿಯಿಂದ ನಾಲ್ಕು ಗುಳಿಗೆ ತಂದು ನುಂಗಿಸುವ ಅಣ್ಣತಮ್ಮಂದಿರುಂಟು. ಇಬ್ಬರದೂ ಪ್ರೀತಿಯೇ. ಆದರೆ ಆ ನಾಲ್ಕು ಗುಳಿಗೆಗಳು ಒಳಗಿನ ಕೀವನ್ನು ನಿವಾರಿಸದೆ ಅದರ ಗುರುತನ್ನು ಮಾತ್ರ ಮರೆಸುವುವು. ವೈದ್ಯರು ಕೀವನ್ನು ಪರೀಕ್ಷಿಸಿದರೂ ಯಾವ ಕ್ರಿಮಿಯೆಂದು ತಿಳಿಯದೆ ಹೋಗಬಹುದು. ಎದೆಯ ಗಾಯದಿಂದ ರಸ ಒಸರಿದರೆ, ಕೆಮ್ಮಿದಾಗ ಮೂಳೆ ಕಟಕಟನೆ ಅಲುಗಿದಂತಾದರೆ, ಜ್ವರ ಬಂದರೆ, ಶಸ್ತ್ರಕ್ರಿಯೆಯಾದ ಆಸ್ಪತ್ರೆಗೇ ಅಂದೇ ಹಿಂತಿರುಗಬೇಕು. ವೈದ್ಯರ ಚೀಟಿಯಿಲ್ಲದೆ ಇಂತಹ ಮದ್ದನ್ನು ಮಾರಬಾರದೆಂಬ ನಿಯಮ ಹಿಂದಿನಿಂದಲೂ ಉಂಟು. ಪ್ರಬಲವಾದ ಕೆಲವು ಮದ್ದುಗಳ ಮಾರಾಟವನ್ನು ಅಂಗಡಿಯವರು ಬೇರೆ ಪುಸ್ತಕದಲ್ಲಿ ಬರೆದಿಡಬೇಕೆಂಬ ಕಟ್ಟಳೆ ೨೦೧೪ರ ಮಾರ್ಚಿಯಿಂದ ಜಾರಿಗೆ ಬಂದಿದೆ. ಕೋಳಿಗಳಿಗೆ ಮೈ ತುಂಬಲೆಂದು ಹಾಕುತ್ತಿದ್ದ ಕೊಲಿಸ್ಟಿನ್ ಎಂಬ ಕಟ್ಟಕಡೆಯ ಅಸ್ತ್ರವನ್ನು ೨೦೧೯ರಲ್ಲಿ ಕೇಂದ್ರ ಸರ್ಕಾರವು ಆ ಬಳಕೆಗೆ ನಿಷೇಧಿಸಿತು. ಕಟ್ಟಳೆಯಿದ್ದರೂ ಕೇಳಿದವರಿಗೆಲ್ಲ ಮದ್ದು ಕೊಡುವ ಅಂಗಡಿಗಳು ಇಲ್ಲದಿಲ್ಲ.

ಒಂದು ಅಪವಾದವನ್ನು ಹೇಳದಿದ್ದರೆ ಈ ಲೇಖನದಿಂದ ಕೇಡಾದೀತು. ಗಂಟಲುನೋವಿನಿಂದ ಮೊದಲಾಗಿ ಕೀಲುಗಳನ್ನು ಹಿಡಿದು ಹೃದಯದ ಕವಾಟವನ್ನು ಕೆಡಿಸುವ ರೂಮ್ಯಾಟಿಕ್ ಜ್ವರ ನಮ್ಮ ಬಡಮಕ್ಕಳಲ್ಲಿ ಇನ್ನೂ ಉಂಟು. ಅದು ಒಮ್ಮೆ ಬಂದ ಮಗುವಿಗೆ ಮತ್ತೆ ಬಾರದಂತೆ, ನಿಧಾನವಾಗಿ ಕರಗುವ ಬೆಂಜಥಿನ್ ಪೆನಿಸಿಲಿನ್ ಸೂಜಿಯನ್ನು ಮೂರು ವಾರಕ್ಕೊಮ್ಮೆ, ವರ್ಷಗಟ್ಟಲೆ, ವೈದ್ಯರು ಹೇಳಿದಷ್ಟು ಕಾಲ ಹಾಕಿಸಬೇಕು. ಇಲ್ಲಿ ದೀರ್ಘಕಾಲವೇ ಸರಿಯಾದ ಕಾಲ. ನೋವಿಗೆ ಹೆದರಿಯೋ ಬಸ್ಸಿನ ಖರ್ಚಿಗೆ ಹೆದರಿಯೋ ನಡುವೆ ಬಿಟ್ಟ ಮಕ್ಕಳೇ ಮುಂದೆ ಕವಾಟ ಬದಲಿಸಿಕೊಳ್ಳುವುದಕ್ಕೆ ಶಸ್ತ್ರವೈದ್ಯರ ಮೇಜಿನ ಮೇಲೆ ಮಲಗುವವರು. ಕೃತಕ ಕವಾಟ ಹಾಕಿಸಿಕೊಂಡವರು ಹಲ್ಲು ಕೀಳಿಸುವಾಗ, ಅದಕ್ಕೆ ಒಂದು ಗಂಟೆಯೊಳಗೆ ಮುಂಚಿತವಾಗಿ ಒಂದೇ ವರಸೆ ಮದ್ದು ತೆಗೆದುಕೊಳ್ಳಬೇಕೆಂಬ ಕ್ರಮವೂ ಉಂಟು. ಆದುದರಿಂದ ಹಲ್ಲಿನ ವೈದ್ಯರ ಕುರ್ಚಿಯಲ್ಲಿ ಕುಳಿತೊಡನೆ ಮೊದಲು ಹೇಳಬೇಕಾದುದು ಎದೆಯ ಸಮಾಚಾರವನ್ನು.